"ಮನೇಲೂ ಇಂಗ್ಲಿಷ್ ಮಾತಾಡಿ" ಅಂದರೆ ಏನು ಕೇಳಬೇಕು? ಪುಟ್ಟ ಮಕ್ಕಳ ಶಿಕ್ಷಣದ ಸಂಶೋಧನೆ ಓದುವ, ಬಳಸುವ ದಾರಿ

ಮುಂಬೈಯಲ್ಲಿ ನರ್ಸರಿ ಅಡ್ಮಿಷನ್ ಶುರುವಾಯಿತು ಅಂದರೆ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲವಾಗುತ್ತದೆ, ಕ್ಲಾಸಿನಲ್ಲಿ ಹಿಂದೆ ಉಳಿಯುತ್ತದೆ ಅಂತ ಶಾಲೆಯವರು ಹೇಳಿದರಂತೆ. ಜೊತೆಗೆ "ರಿಸರ್ಚ್ ಹೇಳುತ್ತದೆ" ಅಂತ ಸೇರಿಸುತ್ತಾರೆ. ಅಷ್ಟಾದ ಮೇಲೆ ಅಜ್ಜಿ ಸುಮ್ಮನಾಗುತ್ತಾರೆ, ಅಮ್ಮ ಮಗನಿಗೆ ಕಥೆ ಹೇಳುವುದನ್ನು ನಿಲ್ಲಿಸಿ ತನಗೆ ಬರುವಷ್ಟು ಇಂಗ್ಲಿಷ್‌ನಲ್ಲಿ "ಕಮ್, ಈಟ್, ಸಿಟ್" ಅನ್ನಲು ಶುರು ಮಾಡುತ್ತಾಳೆ. ಯಾವ ರಿಸರ್ಚ್, ಯಾವ ಊರಿನ ಮಕ್ಕಳ ಮೇಲೆ ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕು. ಅದಕ್ಕೆ ಪಿಎಚ್‌ಡಿ ಬೇಕಿಲ್ಲ. ಬಾಲವಾಡಿ ನಡೆಸುವವರು, ಜೂನಿಯರ್ ಕೆಜಿ ಟೀಚರ್‌ಗಳು, ಅಂಗನವಾಡಿ ಸೇವಿಕಾಗಳು, ಮೂರು ವರ್ಷದ ಮಗುವಿನ ಅಪ್ಪ ಅಮ್ಮ, ಯಾರು ಬೇಕಾದರೂ ಕಲಿಯಬಹುದು. ಯಾವ ಅಧ್ಯಯನ ಕೈಗೆ ಬಂದರೂ ಮೂರು ಪ್ರಶ್ನೆ ಹಾಕಿ. ಇವರು ನೋಡಿದ್ದು ಯಾವ ಮಕ್ಕಳನ್ನು? ಆ ಮಕ್ಕಳನ್ನು ಯಾರ ಜೊತೆ ಹೋಲಿಸಿದರು? ಕೊನೆಗೆ ಅಳೆದದ್ದು ಏನನ್ನು? ಈ ಮೂರಕ್ಕೆ ಉತ್ತರ ಸಿಕ್ಕರೆ ಅಧ್ಯಯನ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಉತ್ತರ ಸಿಗದಿದ್ದರೆ ಆ ಮಾತು ನಂಬಿಕೊಂಡು ಮನೆಯ ಭಾಷೆ ಬದಲಿಸಬೇಡಿ, ಜಾಸ್ತಿ ಫೀಸೂ ಕಟ್ಟಬೇಡಿ.

ಹಳೆಯ ಉದಾಹರಣೆ ಒಂದನ್ನು ನೋಡಿ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂತು. ಮೊಜಾರ್ಟ್‌ನ ಸಂಗೀತ ಹತ್ತು ನಿಮಿಷ ಕೇಳಿದವರು ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವ ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಅಂಕ ತೆಗೆದರು, ಹತ್ತು ಹದಿನೈದು ನಿಮಿಷದಲ್ಲಿ ಆ ಪರಿಣಾಮ ಇಳಿದುಹೋಯಿತು. ಪರೀಕ್ಷೆ ಬರೆದವರು 36 ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಒಂದು ಕೂಸೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಬೇಕು ಅಂತ ಸರ್ಕಾರದ ಹಣ ಕೇಳಿದರು. ಮಗುವಿನ ಬುದ್ಧಿ ಚುರುಕಾಗುತ್ತದೆ ಅಂತ ಹೇಳಿ ಇಂಥ ಸಂಗೀತವನ್ನು ಇವತ್ತಿಗೂ ಮಾರುತ್ತಾರೆ. ಯಾವ ಮಕ್ಕಳು ಅನ್ನುವ ಮೊದಲ ಪ್ರಶ್ನೆ ಒಂದನ್ನೇ ಕೇಳಿದ್ದರೂ ಸಾಕಿತ್ತು, ಅಲ್ವಾ?

ಬ್ರೋಷರ್‌ಗಳಲ್ಲಿ ಮತ್ತೊಂದು ಸಾಲು ಇರುತ್ತದೆ, ಐದಾರು ವರ್ಷದೊಳಗೆ ಶೇ. 90ರಷ್ಟು ಮೆದುಳು ಬೆಳೆದುಬಿಡುತ್ತದೆ ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರು ವರ್ಷಕ್ಕೆ ಮುಂಚೆ ಶೇ. 85ಕ್ಕಿಂತ ಜಾಸ್ತಿ ಬೆಳವಣಿಗೆ ಅಂತ ಬರೆದಿದ್ದಾರೆ. ಇಲ್ಲಿ ಮೂರನೆಯ ಪ್ರಶ್ನೆ ಹಾಕಿ, ಅಳೆದದ್ದು ಏನು? ಆರು ವರ್ಷದ ಹೊತ್ತಿಗೆ ಮೆದುಳು ದೊಡ್ಡವರ ಮೆದುಳಿನ ಸುಮಾರು ಶೇ. 90ರಷ್ಟು ಆಗಿರುತ್ತದೆ ಅನ್ನುವುದು ಗಾತ್ರದ ಮಾತು. ಮುಂದಾಲೋಚನೆ, ತಾಳ್ಮೆ, ಮನಸ್ಸಿನ ಹಿಡಿತ ಇವನ್ನೆಲ್ಲ ನೋಡಿಕೊಳ್ಳುವ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ. ಮೊದಲ ವರ್ಷಗಳು ತುಂಬ ಮುಖ್ಯ ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಎರಡೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಎ ಬಿ ಸಿ ತಿದ್ದಿಸಿ ಅಂತ ಆ ಅಂಕಿ ಎಲ್ಲೂ ಹೇಳುವುದಿಲ್ಲ. ನಮ್ಮ ದೇಶದಲ್ಲೇ ನಾಲ್ಕು ವರ್ಷದ ಸುಮಾರು 14,000 ಮಕ್ಕಳನ್ನು ಅವರಿಗೆ ಎಂಟು ವರ್ಷ ಆಗುವವರೆಗೆ ಹಿಂಬಾಲಿಸಿದ ಅಧ್ಯಯನ ಇದೆ, 2017ರಲ್ಲಿ ಅದರ ವರದಿ ಬಂತು. ಅಸರ್ ಸೆಂಟರ್ ಮತ್ತು ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದವರು ಮಾಡಿದ್ದು. ಅಂಗನವಾಡಿಯಿಂದ ಬಂದ ಮಕ್ಕಳಿರಲಿ, ಖಾಸಗಿ ಪ್ರಿಸ್ಕೂಲ್‌ನಿಂದ ಬಂದ ಮಕ್ಕಳಿರಲಿ, ಐದು ವರ್ಷಕ್ಕೆ ಒಂದನೇ ಕ್ಲಾಸಿಗೆ ಬೇಕಾದ ತಯಾರಿ ತುಂಬ ಕಡಿಮೆ ಇತ್ತು. ಖಾಸಗಿ ಕಡೆ ನಡೆಯುತ್ತಿದ್ದದ್ದು ಬಹಳ ಮಟ್ಟಿಗೆ ಬರೆಸುವುದು, ಬಾಯಿಪಾಠ ಮಾಡಿಸುವುದು. ವಯಸ್ಸಿಗೆ ತಕ್ಕ ಆಟ, ಮಾತು, ಕೈಕೆಲಸ ಇದ್ದ ಕಡೆ ಮಕ್ಕಳ ತಯಾರಿ ಉತ್ತಮವಾಗಿತ್ತು.

ಎಲ್ಲಿ ಹುಡುಕುವುದು

ಸಂಶೋಧನೆಯ ಪೇಪರ್ ಓದಲು ಮೂವತ್ತು ನಲವತ್ತು ಡಾಲರ್ ಕೇಳುತ್ತಾರೆ ಅಂತ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹಣ ಕೊಡಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಪೇಪರ್‌ನ ಹೆಸರು ಹಾಕಿ, ಅದರ ಕೆಳಗೆ "ಆಲ್ ವರ್ಷನ್ಸ್" ಅಂತ ಇರುತ್ತದೆ, ಅದನ್ನು ಒತ್ತಿ. ಲೇಖಕರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಹಾಕಿರುವ ಪಿಡಿಎಫ್ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ, ಬಾಲವಾಡಿ ಟೀಚರ್ ಒಬ್ಬರು ತಮ್ಮ ಪೇಪರ್ ಕೇಳಿದರು ಅಂದರೆ ಸಂಶೋಧಕರಿಗೆ ಖುಷಿಯೇ ಆಗುತ್ತದೆ. ಅಮೆರಿಕ ಸರ್ಕಾರದ ಎರಿಕ್ ಅನ್ನುವ ಶಿಕ್ಷಣ ಭಂಡಾರದಲ್ಲಿ ಪೂರ್ತಿಯಾಗಿ, ಉಚಿತವಾಗಿ ಓದಲು ಸಿಗುವ ವರದಿಗಳು ಬಹಳ ಇವೆ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಅದರಲ್ಲಿ ನಮ್ಮ ದೇಶದ ಬಾಲವಾಡಿ, ಅಂಗನವಾಡಿಗಳ ಬಗ್ಗೆ ಬರೆದದ್ದನ್ನು ಹುಡುಕಿ ನೋಡಿ. ಬಡ ದೇಶಗಳಲ್ಲಿ ನಡೆದ ಪ್ರಯೋಗಗಳ ಸಾರಾಂಶ ಸರಳ ಇಂಗ್ಲಿಷ್‌ನಲ್ಲಿ ಬೇಕಿದ್ದರೆ ಜೆ-ಪಾಲ್ ಜಾಲತಾಣ ನೋಡಿ.

ಒಂದೇ ಅಧ್ಯಯನಕ್ಕಿಂತ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಸಿಸ್ಟಮ್ಯಾಟಿಕ್ ರಿವ್ಯೂ ಸಿಕ್ಕರೆ ಮೊದಲು ಅದನ್ನೇ ಓದಿ. ಕ್ಯಾಂಪ್‌ಬೆಲ್ ಕೊಲಾಬರೇಷನ್‌ನವರು ಇಂಥವನ್ನು ಉಚಿತವಾಗಿ ಕೊಡುತ್ತಾರೆ. ಇನ್ನು ವಾಟ್ಸಾಪ್‌ನಲ್ಲಿ ಬಂದ "ಹಾರ್ವರ್ಡ್ ಸಂಶೋಧನೆ ಪ್ರಕಾರ" ಮೆಸೇಜಿನಲ್ಲಿ ಲೇಖಕರ ಹೆಸರು, ವರ್ಷ, ಪತ್ರಿಕೆಯ ಹೆಸರು ಇಲ್ಲವಾದರೆ ಅದರ ಹಿಂದೆ ಹೋಗಬೇಡಿ, ಟೈಮ್ ವೇಸ್ಟ್. ಫೋನಿನ ಎಐ ಹತ್ತಿರ ಕಷ್ಟದ ಪ್ಯಾರಾ ಒಂದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅಂಕಿಗಳನ್ನು ಮಾತ್ರ ಪೇಪರ್ ತೆರೆದು ನಿಮ್ಮ ಕಣ್ಣಿನಿಂದಲೇ ನೋಡಿ.

ಎಲ್ಲಿಂದ ಓದುವುದು

ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ, ಸುಸ್ತಾಗುತ್ತದೆ. ಅಬ್‌ಸ್ಟ್ರ್ಯಾಕ್ಟ್, ಅಂದರೆ ಶುರುವಿನಲ್ಲಿರುವ ಸಾರಾಂಶ ಓದಿ, ಆಮೇಲೆ ನೇರವಾಗಿ ಮೆಥಡ್ಸ್ ಭಾಗಕ್ಕೆ ಹೋಗಿ. ಮಕ್ಕಳ ವಯಸ್ಸು, ಊರು, ಮನೆಯ ಭಾಷೆ, ಮನೆಯ ಆದಾಯ, ಎಷ್ಟು ಮಕ್ಕಳು, ಕೊನೆಯವರೆಗೆ ಎಷ್ಟು ಮಕ್ಕಳು ಉಳಿದರು, ಇವೆಲ್ಲ ಅಲ್ಲೇ ಇರುತ್ತವೆ. ಮಧ್ಯದಲ್ಲಿ ಬಿಟ್ಟುಹೋದವರ ಲೆಕ್ಕ ಯಾಕೆ ಬೇಕು ಅಂದರೆ, ಕಾರ್ಯಕ್ರಮ ಇಷ್ಟವಾಗದವರೇ ಬಿಟ್ಟುಹೋಗಿದ್ದರೆ ಕೊನೆಯಲ್ಲಿ ಉಳಿದವರ ಅಂಕ ಚೆನ್ನಾಗಿ ಕಾಣುವುದು ಸಹಜ. ಆಮೇಲೆ ಟೇಬಲ್‌ಗಳು. ಆಮೇಲೆ ಡಿಸ್ಕಷನ್‌ನ ಕೊನೆಯಲ್ಲಿ ಬರುವ ಲಿಮಿಟೇಷನ್ಸ್. ತಮ್ಮ ಅಧ್ಯಯನ ಏನನ್ನು ಹೇಳಲಾರದು ಅಂತ ಸಂಶೋಧಕರು ಅಲ್ಲಿ ಪ್ರಾಮಾಣಿಕವಾಗಿ ಬರೆದಿರುತ್ತಾರೆ. ಬ್ರೋಷರ್‌ಗೆ ಆ ಭಾಗ ಬರುವುದೇ ಇಲ್ಲ. ಸೂತ್ರಗಳನ್ನು ಬಿಟ್ಟು ಮುಂದೆ ಹೋಗಿ, ನಷ್ಟ ಇಲ್ಲ.

ಓದುತ್ತಾ ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗೂ ಉತ್ತರವನ್ನು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಸಾಲನ್ನು ಹಾಗೇ ಇಳಿಸಿಕೊಂಡರೆ ಅರ್ಥವಾದ ಹಾಗೆ ಅನಿಸುತ್ತದೆ, ಅಷ್ಟೇ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆಯಲು ಬಂದರೆ ಅದು ನಿಜವಾಗಿ ತಲೆಗೆ ಹೋಗಿದೆ.

ಯಾರ ಜೊತೆ ಹೋಲಿಕೆ

ಜನ ಜಾಸ್ತಿ ಎಡವುವುದು ಇಲ್ಲೇ. ದುಬಾರಿ ಪ್ರಿಸ್ಕೂಲ್‌ಗೆ ಹೋದ ಮಕ್ಕಳು ಒಂದನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಾರೆ ಅಂತ ಯಾರಾದರೂ ತೋರಿಸಿದರು ಅನ್ನಿ. ಅದು ಪ್ರಿಸ್ಕೂಲ್‌ನಿಂದ ಆದದ್ದೋ, ಮನೆಯಲ್ಲಿ ಪುಸ್ತಕ ಇದ್ದದ್ದಕ್ಕೋ, ಸಂಜೆ ಅಮ್ಮನಿಗೆ ಮಗುವಿನ ಜೊತೆ ಕೂರಲು ಬಿಡುವು ಇದ್ದದ್ದಕ್ಕೋ? ಬರೀ ಆ ಅಂಕ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಯಾವ ಮಕ್ಕಳು ಕಾರ್ಯಕ್ರಮಕ್ಕೆ ಸೇರಬೇಕು ಅಂತ ಸಂಶೋಧಕರು ಲಾಟರಿ ಎತ್ತುತ್ತಾರೆ. ಮಹಾರಾಷ್ಟ್ರದಲ್ಲಿ ಆರ್‌ಟಿಇ ಸೀಟಿಗೆ ಎತ್ತುವ ಹಾಗೇ ಇದೂ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನುವುದಕ್ಕೂ ಮನೆಯ ಸ್ಥಿತಿಗೂ ಸಂಬಂಧ ಇರುವುದಿಲ್ಲ. ಹಾಗಾಗಿ ಆಮೇಲೆ ಎರಡು ಗುಂಪಿನ ನಡುವೆ ಕಾಣುವ ವ್ಯತ್ಯಾಸವನ್ನು ಕಾರ್ಯಕ್ರಮದ ಲೆಕ್ಕಕ್ಕೆ ಹಾಕಬಹುದು. ರ‍್ಯಾಂಡಮೈಸ್ಡ್ ಅಂತ ಪೇಪರ್‌ನಲ್ಲಿ ಬರೆದಿದ್ದರೆ ಇದೇ ಅರ್ಥ.

ಪ್ರಿಸ್ಕೂಲ್‌ಗೆ ಹಾಕಿದ ಒಂದು ರೂಪಾಯಿ ಏಳಾಗಿ ವಾಪಸು ಬರುತ್ತದೆ ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಅದರ ಮೂಲ ಪೆರಿ ಪ್ರಿಸ್ಕೂಲ್ ಅಧ್ಯಯನ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಅನ್ನುವ ಊರಿನಲ್ಲಿ 1962ರಿಂದ 1967ರವರೆಗೆ ನಡೆಯಿತು. ಒಟ್ಟು 123 ಮಕ್ಕಳು, ಎಲ್ಲರೂ ಕಡು ಬಡತನದ ಕಪ್ಪು ಜನಾಂಗದ ಮನೆಯವರು. 58 ಮಕ್ಕಳಿಗೆ ದಿನಕ್ಕೆ ಎರಡೂವರೆ ಗಂಟೆ ತರಗತಿ, ಆರೇಳು ಮಕ್ಕಳಿಗೆ ಒಬ್ಬರಂತೆ ತರಬೇತಾದ ಟೀಚರ್, ವಾರಕ್ಕೊಮ್ಮೆ ಅದೇ ಟೀಚರ್ ಮನೆಗೇ ಬರುತ್ತಿದ್ದರು. ಉಳಿದ 65 ಮಕ್ಕಳಿಗೆ ಇದ್ಯಾವುದೂ ಇರಲಿಲ್ಲ. ಮೊದಲ ಗುಂಪಿನ ಐಕ್ಯೂ ಮೊದಮೊದಲು ಏರಿತು, ಕೆಲವು ವರ್ಷಗಳಲ್ಲಿ ಆ ಅಂತರ ಕರಗಿತು. ಆದರೆ ಅವರಿಗೆ 40 ವರ್ಷ ಆದಾಗ ನೋಡಿದರೆ ಕೆಲಸದಲ್ಲಿ ಇದ್ದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಇದು ದೊಡ್ಡ ವಿಷಯವೇ. ಆದರೆ ನಿಮ್ಮ ಸೊಸೈಟಿಯ ಕೆಳಗಿನ ಪ್ಲೇಸ್ಕೂಲ್‌ನಲ್ಲಿ ಒಬ್ಬ ಟೀಚರ್, ಮೂವತ್ತು ಮಕ್ಕಳು, ಮನೆಭೇಟಿ ಇಲ್ಲವೇ ಇಲ್ಲ ಅಂದಮೇಲೆ ಈ ಅಂಕಿ ಅವರಿಗೆ ಹೇಗೆ ಸೇರುತ್ತದೆ?

ಇದರ ಪಕ್ಕದಲ್ಲಿ 2022ರಲ್ಲಿ ಪ್ರಕಟವಾದ ಅಮೆರಿಕದ ಟೆನೆಸಿ ರಾಜ್ಯದ ಅಧ್ಯಯನ ಇಡಿ. ಸುಮಾರು 3,000 ಮಕ್ಕಳು, ಸೀಟಿಗೆ ಲಾಟರಿ, ಸರ್ಕಾರವೇ ನಡೆಸುವ ಪ್ರಿಸ್ಕೂಲ್. ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ಸೀಟು ಸಿಕ್ಕ ಮಕ್ಕಳ ಅಂಕಗಳೇ ಕಡಿಮೆ ಇದ್ದವು, ಶಿಸ್ತಿನ ದೂರುಗಳೂ ಜಾಸ್ತಿ. ಇಲ್ಲಿ ಸೀಟು ಸಿಗದ ಮಕ್ಕಳಲ್ಲಿ ಹಲವರು ಬೇರೆ ಕೇಂದ್ರಗಳಿಗೆ ಹೋಗುತ್ತಿದ್ದರು, ಉಳಿದವರು ಮನೆಯಲ್ಲಿ ಇದ್ದರು. ಅಂದರೆ ಹೋಲಿಕೆಯೇ ಬೇರೆ, ಕಾಲ ಬೇರೆ, ತರಗತಿಯೊಳಗೆ ನಡೆದದ್ದೂ ಬೇರೆ. "ಪ್ರಿಸ್ಕೂಲ್ ಒಳ್ಳೆಯದಾ?" ಅಂತ ಕೇಳಿದರೆ ಸಂಶೋಧನೆ ಉತ್ತರ ಕೊಡುವುದಿಲ್ಲ. ಎಂಥ ಪ್ರಿಸ್ಕೂಲ್, ಯಾವ ಮಗುವಿಗೆ, ಅದು ಇಲ್ಲದಿದ್ದರೆ ಆ ಮಗು ಎಲ್ಲಿ ಇರುತ್ತಿತ್ತು ಅಂತ ಕೇಳಿದರೆ ಮಾತ್ರ ಕೊಡುತ್ತದೆ.

ಅಂಕಿಗಳನ್ನು ಕಂಡು ಹೆದರಬೇಡಿ

ನಮಗೆ ಹತ್ತಿರದ ಅಧ್ಯಯನ ಒಂದನ್ನು ಹಿಡಿದು ಹೇಳುತ್ತೇನೆ. ಅಂಗನವಾಡಿಗಳನ್ನು ನಡೆಸುವ ಸರ್ಕಾರದ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ. ಅಂದಿನಿಂದ ಅಂಗನವಾಡಿ ಅಂದರೆ ಒಬ್ಬಳೇ ಕಾರ್ಯಕರ್ತೆ, ಜೊತೆಗೆ ಒಬ್ಬಳು ಸಹಾಯಕಿ. ಆಹಾರ, ತೂಕ, ಗರ್ಭಿಣಿಯರ ಮನೆ, ರಿಜಿಸ್ಟರು, ಇದರ ನಡುವೆ ಮಕ್ಕಳಿಗೆ ಪಾಠ. ಮುರಳೀಧರನ್, ಗಾನಿಮಿಯನ್, ವಾಲ್ಟರ್ಸ್ ಅನ್ನುವ ಸಂಶೋಧಕರು ತಮಿಳುನಾಡಿನ 640 ಅಂಗನವಾಡಿಗಳನ್ನು ತೆಗೆದುಕೊಂಡು ಲಾಟರಿಯಲ್ಲಿ 320ಕ್ಕೆ ಇನ್ನೊಬ್ಬಳು ಅರ್ಧ ದಿನದ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಅವಳ ಕೆಲಸ ಮಕ್ಕಳ ಶಿಕ್ಷಣ ಮಾತ್ರ. ಪಾಠಕ್ಕೆ ಸಿಗುವ ಸಮಯ ಎರಡರಷ್ಟಾಯಿತು. ಒಂದೂವರೆ ವರ್ಷದ ಮೇಲೆ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿದಾಗ ಗಣಿತದಲ್ಲಿ 0.29, ಭಾಷೆಯಲ್ಲಿ 0.46 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ ಅದು) ಏರಿಕೆ. ಹಳೆಯ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಸಮಯ ಸಿಕ್ಕಿದ್ದರಿಂದ ಮಕ್ಕಳ ಅಪೌಷ್ಟಿಕತೆಯೂ ಇಳಿಯಿತು.

0.29 ಅಂದರೆ ಎಷ್ಟು? ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ಇರುವ, ಅಂದರೆ ಕೆಳಗಿನಿಂದ 50ನೆಯ ಮಗು, 0.29ರಷ್ಟು ಏರಿದರೆ ಸುಮಾರು 61ನೆಯ ಜಾಗಕ್ಕೆ ಬರುತ್ತದೆ. 0.46 ಏರಿದರೆ ಸುಮಾರು 68ಕ್ಕೆ. ಈ ಲೆಕ್ಕ ತಲೆಯಲ್ಲಿ ಇದ್ದರೆ ಎಫೆಕ್ಟ್ ಸೈಜ್ ಅನ್ನುವ ಕಾಲಮ್ ಓದಲು ಕಷ್ಟವಿಲ್ಲ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಅಂತ ಬರೆದಿದ್ದರೆ, ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದಾಗ ಇಷ್ಟು ಅಂತರ ಸುಮ್ನೆ ಆಕಸ್ಮಿಕವಾಗಿ ಬರುವುದು ಅಪರೂಪ ಅಂತ ಅಷ್ಟೇ. ಅಂತರ ಎಷ್ಟು ದೊಡ್ಡದು ಅಂತ ತಿಳಿಯಲು ಎಫೆಕ್ಟ್ ಸೈಜನ್ನೇ ನೋಡಬೇಕು.

ಇದೇ ಪೇಪರ್‌ನಲ್ಲಿ ಇನ್ನೊಂದು ಅಳತೆ ಇದೆ. ಮನೆಗಳಿಗೆ ಹೋಗಿ, ಅಂಗನವಾಡಿಗೆ ಸರಿಯಾಗಿ ಬರದ ಮಕ್ಕಳನ್ನೂ ಸೇರಿಸಿ ಪರೀಕ್ಷೆ ಮಾಡಿದಾಗ ಏರಿಕೆ ಬಹಳ ಕಡಿಮೆ ಬಂತು. ಆದರೂ ಏರಿಕೆ ಇತ್ತು. ಎರಡೂ ನಿಜ. ಒಂದು ಕೇಂದ್ರದಲ್ಲಿ ಸಿಕ್ಕ ಮಕ್ಕಳ ಬಗ್ಗೆ, ಇನ್ನೊಂದು ಊರಿನ ಮಕ್ಕಳ ಬಗ್ಗೆ. ಯಾರಾದರೂ 0.46 ಮಾತ್ರ ಹೇಳಿದರೆ ಯಾವ ಮಕ್ಕಳು ಅಂತ ಮತ್ತೆ ಕೇಳಿ.

ಮುಂಬೈಯ ಬಸ್ತಿಯಲ್ಲಿ ಒಂದೇ ಕೋಣೆಯಲ್ಲಿ ನಡೆಯುವ ಅಂಗನವಾಡಿಗೂ ಖಾಸಗಿ ಜೂನಿಯರ್ ಕೆಜಿಗೂ ಈ ಅಧ್ಯಯನದಿಂದ ನಾನು ಎತ್ತಿಕೊಳ್ಳುವುದು ಒಂದು ವಿಷಯ. ಅಲ್ಲಿ ಬದಲಾದದ್ದು ಪುಸ್ತಕವೂ ಅಲ್ಲ, ಗೋಡೆಯ ಬಣ್ಣವೂ ಅಲ್ಲ, ಮಕ್ಕಳ ಜೊತೆ ಕೂರುವ ದೊಡ್ಡವರೊಬ್ಬರ ಸಮಯ. ಶಾಲೆ ನಡೆಸುವವರು ಸ್ಮಾರ್ಟ್ ಬೋರ್ಡಿಗೆ ಇಟ್ಟ ಹಣದಲ್ಲಿ ಬೆಳಗ್ಗಿನ ಎರಡು ಗಂಟೆಗೆ ಇನ್ನೊಬ್ಬ ಟೀಚರನ್ನು ಇಟ್ಟುಕೊಳ್ಳುವುದು ವಾಸಿ ಅಂತ ನನ್ನ ಅಭಿಪ್ರಾಯ.

ನಮ್ಮ ಮಕ್ಕಳ ಭಾಷೆ

ನಮ್ಮ ಕಡೆಯ ಮಗುವಿನ ದಿನ ನೋಡಿ. ಅಜ್ಜಿಯ ಹತ್ತಿರ ತುಳು, ಅಪ್ಪನ ಹತ್ತಿರ ಕನ್ನಡ, ಮನೆಗೆಲಸಕ್ಕೆ ಬರುವ ಮೌಶಿಯ ಹತ್ತಿರ ಮರಾಠಿ, ಲಿಫ್ಟ್‌ನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗುವಿನ ಇಂಗ್ಲಿಷ್ ಪದಗಳನ್ನು ಮಾತ್ರ ಎಣಿಸಿ "ವೊಕ್ಯಾಬುಲರಿ ಕಡಿಮೆ" ಅಂದರೆ ಅಳತೆಯೇ ತಪ್ಪು. ಅಮೆರಿಕದ ಮಯಾಮಿಯಲ್ಲಿ ಪಿಯರ್ಸನ್ ಮತ್ತು ಜೊತೆಗಾರರು 1993ರಲ್ಲಿ ಇದನ್ನೇ ನೋಡಿದರು. ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಕೇಳುತ್ತಾ ಬೆಳೆಯುವ ಪುಟ್ಟ ಮಕ್ಕಳ ಎರಡೂ ಭಾಷೆಯ ಪದಗಳನ್ನು ಕೂಡಿ ನೋಡಿದರೆ ಒಂದೇ ಭಾಷೆಯ ಮಕ್ಕಳಿಗಿಂತ ಅವರು ಹಿಂದೆ ಇರಲಿಲ್ಲ. ಅವರು ಬರೀ 25 ಮಕ್ಕಳು, ನಮ್ಮ ಹಾಗೆ ನಾಲ್ಕು ಭಾಷೆಯವರಲ್ಲ. ಹಾಗಾಗಿ ಅವರ ಅಂಕಿಯನ್ನು ಇಲ್ಲಿಗೆ ತರಬೇಡಿ, ಎಣಿಸುವ ಕ್ರಮ ತನ್ನಿ. ಮಗುವಿಗೆ ಬರುವ ಪದಗಳನ್ನು ಬರೆಯುವಾಗ ತುಳುವೂ ಸೇರಲಿ, ಮರಾಠಿಯೂ ಸೇರಲಿ.

ಮಾತಿನ ಬಗ್ಗೆ ಇನ್ನೊಂದು ಪ್ರಸಿದ್ಧ ಅಂಕಿ ಇದೆ. ಬಡವರ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಮೂರು ಕೋಟಿ ಪದ ಕಡಿಮೆ ಕೇಳಿರುತ್ತಾರೆ ಅಂತ. ಹಾರ್ಟ್ ಮತ್ತು ರಿಸ್ಲಿ 1995ರಲ್ಲಿ ಹೇಳಿದ್ದು. ಅವರು ನೋಡಿದ್ದು ಅಮೆರಿಕದ ಕಾನ್ಸಾಸ್‌ನ 42 ಮನೆಗಳು, ಅದರಲ್ಲಿ ಸರ್ಕಾರದ ನೆರವಿನಲ್ಲಿ ಬದುಕುವವು 6 ಮಾತ್ರ. ತಿಂಗಳಿಗೆ ಒಂದು ಗಂಟೆ ರೆಕಾರ್ಡ್ ಮಾಡಿ ಉಳಿದದ್ದನ್ನು ಲೆಕ್ಕ ಹಾಕಿದರು. ಆಮೇಲೆ ಸ್ಪೆರಿ ಮತ್ತು ಜೊತೆಗಾರರು ಮನೆಯ ಎಲ್ಲರ ಮಾತನ್ನೂ, ಮಗುವಿನ ಕಿವಿಗೆ ಬೀಳುವ ಸುತ್ತಲಿನ ಮಾತನ್ನೂ ಸೇರಿಸಿ ಎಣಿಸಿದಾಗ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಬಡ ಸಮುದಾಯಗಳ ನಡುವೆಯೇ ತುಂಬ ವ್ಯತ್ಯಾಸ ಇತ್ತು. ಚಾಳಿನಲ್ಲಿ ಬೆಳೆಯುವ ಮಗುವಿನ ಸುತ್ತ ಎಷ್ಟು ಜನ ಮಾತಾಡುತ್ತಾರೆ ಅಂತ ನಿಮಗೇ ಗೊತ್ತು. ಇನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ನಾಲ್ಕರಿಂದ ಆರು ವರ್ಷದ 36 ಮಕ್ಕಳನ್ನು ನೋಡಿದಾಗ, ಕೇಳಿದ ಪದಗಳ ಸಂಖ್ಯೆಗಿಂತ ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಆಚೆ ಈಚೆ ಹೋಯಿತು ಅನ್ನುವುದಕ್ಕೂ ಮೆದುಳಿನ ಭಾಷೆಯ ಭಾಗದ ಚಟುವಟಿಕೆಗೂ ಸಂಬಂಧ ಕಂಡಿತು. ಇದೂ ಚಿಕ್ಕ ಅಧ್ಯಯನ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೆ ಹಿಂದಿನವುಗಳ ಜೊತೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ. ಅಮ್ಮನಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತು ಆಚೆ ಈಚೆ ಹೋಗುತ್ತದೆ, ತಗಾದೆ ನಡೆಯುತ್ತದೆ, ಕಥೆ ಬೆಳೆಯುತ್ತದೆ. ತಡವರಿಸುವ ಇಂಗ್ಲಿಷ್‌ನಲ್ಲಿ ಬರೀ ಅಪ್ಪಣೆ ಉಳಿಯುತ್ತದೆ. 2022ರಲ್ಲಿ ಬಂದ ತಳಹದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರೆಗೆ ಮನೆಮಾತಿನಲ್ಲೇ ಕಲಿಕೆ ನಡೆಯಲಿ ಅನ್ನುತ್ತದೆ. ಶಾಲೆಯವರ ಜೊತೆ ಮಾತಾಡುವಾಗ ಅದನ್ನು ತೋರಿಸಿ, ಜಗಳ ಬೇಡ, ಅವರ ಹತ್ತಿರ ಇರುವ ಅಧ್ಯಯನದ ಹೆಸರು ಕೇಳಿ ಬರೆದುಕೊಂಡು ಬನ್ನಿ.

ಆದರೆ ಸರಾಸರಿ ಹಿಡಿದು ಒಂದು ಮಗುವಿನ ವಿಷಯ ತೀರ್ಮಾನ ಮಾಡಬಾರದು. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಸೇರಿಸಿ ಹೇಳದ ಮಗುವನ್ನು "ನಾಲ್ಕು ಭಾಷೆ ಅಲ್ವಾ, ಅದಕ್ಕೇ ತಡ" ಅಂತ ಬಿಡಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಬಾಂದ್ರಾದಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಮಾತು ಮತ್ತು ಶ್ರವಣದ ತೊಂದರೆಗಳಿಗೇ ಇರುವಂಥದ್ದು.

ಅಕ್ಷರ ಕಲಿಸುವವರಿಗೂ ಒಂದು ಮಾತು. ಇಂಗ್ಲಿಷ್‌ನ 26 ಅಕ್ಷರದ ಮೇಲೆ ನಡೆದ ಫೋನಿಕ್ಸ್ (ಅಕ್ಷರಕ್ಕೆ ಧ್ವನಿ ಜೋಡಿಸಿ ಓದು ಕಲಿಸುವ ಕ್ರಮ) ಸಂಶೋಧನೆಯನ್ನು ಕನ್ನಡಕ್ಕೆ ಹಾಗೇ ಹಾಕಬೇಡಿ. ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳ ಮೇಲೆಯೇ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನಾನೂರಕ್ಕೂ ಜಾಸ್ತಿ ರೂಪಗಳಿರುವ ಕನ್ನಡದಲ್ಲಿ ಅಕ್ಷರ ಪೂರ್ತಿ ಕೈಗೆ ಹತ್ತಲು ನಾಲ್ಕನೇ ಕ್ಲಾಸಿನವರೆಗೂ ಹಿಡಿಯುತ್ತದೆ, ಬಿಡಿ ಧ್ವನಿಗಳ ಅರಿವೂ ನಿಧಾನವಾಗಿ ಬರುತ್ತದೆ ಅಂತ ಅದು ತೋರಿಸುತ್ತದೆ. ಭಾನುವಾರದ ಕನ್ನಡ ಕ್ಲಾಸಿಗೆ ಬರುವ ಆರು ವರ್ಷದ ಮಗುವಿಗೆ ಒತ್ತಕ್ಷರ ಬರಲಿಲ್ಲ ಅಂತ ಬೈಯುವ ಮೊದಲು ಆ ಪೇಪರ್ ಓದಿ, ದಯವಿಟ್ಟು.

ಓದಿದ್ದನ್ನು ತರಗತಿಗೆ ತರುವುದು

ಒಂದು ಸಲಕ್ಕೆ ಒಂದೇ ವಿಷಯ ಎತ್ತಿಕೊಳ್ಳಿ. ನಾನು ಎಲ್ಲರಿಗೂ ಹೇಳುವುದು ಚಿತ್ರಪುಸ್ತಕ ಓದುವ ಕ್ರಮ. 1988ರಲ್ಲಿ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ನ್ಯೂಯಾರ್ಕ್ ಹತ್ತಿರದ ಸುಮಾರು 30 ಮನೆಗಳಲ್ಲಿ ಒಂದು ತಿಂಗಳು ಇದನ್ನು ಮಾಡಿ ನೋಡಿದರು. ಎರಡೂ ಗುಂಪಿನವರು ಮಕ್ಕಳಿಗೆ ಓದುತ್ತಿದ್ದರು. ಒಂದು ಗುಂಪಿನವರಿಗೆ ಮಾತ್ರ ಓದುತ್ತಾ ಪ್ರಶ್ನೆ ಕೇಳುವುದು, ಮಗುವಿನ ಉತ್ತರವನ್ನು ಬೆಳೆಸಿ ಹೇಳುವುದು ಕಲಿಸಿದ್ದರು. ಆ ಮಕ್ಕಳ ಮಾತು ತಿಂಗಳಲ್ಲೇ ಮುಂದೆ ಹೋಯಿತು. ಅವು ಮಧ್ಯಮ ವರ್ಗದ, ಮೊದಲೇ ಪುಸ್ತಕ ಇದ್ದ ಮನೆಗಳು. ಅದಕ್ಕೇ ಇಲ್ಲಿ ನೀವೇ ಮಾಡಿ ನೋಡಬೇಕು.

ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡ, ಮರಾಠಿ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಐದೈದು ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ, ಹತ್ತು ನಿಮಿಷ ಸಾಕು. "ಇದು ಏನು?" ಅನ್ನುವುದಕ್ಕಿಂತ "ಇಲ್ಲಿ ಏನಾಗ್ತಿದೆ?" ಅನ್ನಿ, ಆಮೇಲೆ ಕಾಯಿರಿ. ಟೀಚರ್‌ಗಳಿಗೆ ಕಾಯುವುದೇ ಕಷ್ಟ. ಮಗು "ನಾಯಿ ಓಡ್ತು" ಅಂದರೆ "ಹೌದು, ಕಪ್ಪು ನಾಯಿ ಮಳೇಲಿ ಓಡ್ತು" ಅನ್ನಿ. ಮರಾಠಿಯಲ್ಲಿ ಉತ್ತರ ಬಂದರೆ ಮರಾಠಿಯಲ್ಲೇ ಬೆಳೆಸಿ.

ಫಲ ಬಂತಾ ಅಂತ ನೋಡುವಾಗ ಒಂದು ಎಚ್ಚರ. ಮೂರು ವರ್ಷದ ಮಗು ನೀವು ಏನೂ ಮಾಡದಿದ್ದರೂ ಎರಡು ತಿಂಗಳಲ್ಲಿ ಮಾತು ಕಲಿಯುತ್ತದೆ. ಮೊದಲು ಅಳೆದು, ಆಮೇಲೆ ಅಳೆದು, ಏರಿತು ಅಂತ ಖುಷಿಪಟ್ಟರೆ ಅದು ವಯಸ್ಸಿನ ಏರಿಕೆಯೂ ಆಗಿರಬಹುದು. ತೀರಾ ಕಡಿಮೆ ಮಾತಾಡಿದ ಮಕ್ಕಳನ್ನು ಮಾತ್ರ ಆರಿಸಿದರೆ ಇನ್ನೂ ಮೋಸ, ಆ ದಿನ ನಾಚಿಕೊಂಡ ಮಗು ಮುಂದಿನ ಸಲ ಹೇಗೂ ಜಾಸ್ತಿ ಮಾತಾಡುತ್ತದೆ. ಅದಕ್ಕೇ ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದು ಎತ್ತಿ, ಅರ್ಧ ಮಕ್ಕಳಿಗೆ ಮೊದಲ ಎಂಟು ವಾರ, ಇನ್ನರ್ಧಕ್ಕೆ ಅದರ ಮುಂದಿನ ಎಂಟು ವಾರ ಈ ಓದು ಇಡಿ. ಆಗ ಯಾರಿಗೂ ತಪ್ಪುವುದಿಲ್ಲ, ಹೋಲಿಸಲೂ ಗುಂಪು ಸಿಗುತ್ತದೆ. ಶುರುವಿಗೆ ಮತ್ತು ಎಂಟು ವಾರದ ಕೊನೆಗೆ, ಮಗು ನೋಡಿಲ್ಲದ ಚಿತ್ರ ಕೊಟ್ಟು ಎರಡು ನಿಮಿಷ ಅದರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಯವರ ಒಪ್ಪಿಗೆ ಬರೆಸಿಕೊಂಡೇ ಮಾಡಿ, ರೆಕಾರ್ಡಿಂಗ್ ಗ್ರೂಪಿಗೆ ಹಾಕಬೇಡಿ. ಎಷ್ಟು ಬೇರೆ ಬೇರೆ ಪದ ಬಂತು ಅಂತ ಎಲ್ಲ ಭಾಷೆ ಸೇರಿಸಿ ಎಣಿಸಿ. ಎಣಿಸುವವರಿಗೆ ಯಾವ ಮಗು ಯಾವ ಗುಂಪಿನದು ಅಂತ ಗೊತ್ತಿರಬಾರದು, ಗೊತ್ತಿದ್ದರೆ ಪ್ರೀತಿಯಿಂದಲೇ ನಾಲ್ಕು ಪದ ಜಾಸ್ತಿ ಕೇಳಿಸುತ್ತದೆ. ತಿಂಗಳುಗಳನ್ನೂ ನೋಡಿ ಆರಿಸಿ. ಏಪ್ರಿಲ್, ಮೇ ಬೇಡ, ಅರ್ಧ ಮಕ್ಕಳು ಊರಿಗೆ ಹೋಗಿರುತ್ತಾರೆ. ಜುಲೈ ಮಳೆಯಲ್ಲಿ, ಗಣಪತಿ ರಜೆಯಲ್ಲಿ ಹಾಜರಿ ಕಡಿಮೆ, ಹಾಗಾಗಿ ಹಾಜರಿ ಪಟ್ಟಿಯನ್ನು ಫಲಿತಾಂಶದ ಪಕ್ಕದಲ್ಲೇ ಇಟ್ಟುಕೊಳ್ಳಿ. ಇಪ್ಪತ್ತು ಮಕ್ಕಳ ಈ ಪ್ರಯೋಗದಿಂದ ಮುಂಬೈಯ ಮಕ್ಕಳ ಬಗ್ಗೆ ಏನೂ ಹೇಳಲು ಬರುವುದಿಲ್ಲ. ನಿಮ್ಮ ಕೋಣೆಯಲ್ಲಿ ಇದನ್ನು ಮುಂದುವರಿಸಬೇಕೋ ಬೇಡವೋ ಅನ್ನುವುದಕ್ಕೆ ಸಾಕು.

ಓದಿದ್ದನ್ನು ಹೀಗೆ ನಮ್ಮ ಮಕ್ಕಳಿಗೆ ಹೊಂದಿಸಿಕೊಳ್ಳುವುದೇನು ಹೊಸ ಫ್ಯಾಷನ್ ಅಲ್ಲ. ತಾರಾಬಾಯಿ ಮೋಡಕ್, ಅನುತಾಯಿ ವಾಘ್ 1945ರಲ್ಲಿ ಇಲ್ಲೇ ಈಗಿನ ಪಾಲ್ಘರ್ ಜಿಲ್ಲೆಯ ಬೋರ್ಡಿಯಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ಕೆಲಸ ಶುರು ಮಾಡಿ, ಆಮೇಲೆ ಕೋಸಬಾಡಕ್ಕೆ ಹೋದರು. ಮಾಂಟೆಸರಿ ಓದಿಕೊಂಡಿದ್ದವರು ಆದಿವಾಸಿ ಮಕ್ಕಳು ಕೇಂದ್ರಕ್ಕೆ ಬರದಿದ್ದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು, ದುಬಾರಿ ಸಾಮಾನಿನ ಬದಲು ಸುತ್ತ ಸಿಗುವ ಬೀಜ, ಚಿಪ್ಪು, ಎಲೆಗಳನ್ನು ಬಳಸಿದರು.

ಒಬ್ಬರೇ ಓದಿದರೆ ಎರಡನೇ ಪೇಪರ್‌ಗೆ ನಿಂತುಹೋಗುತ್ತದೆ. ನಾಲ್ಕೈದು ಟೀಚರ್‌ಗಳು, ಇಬ್ಬರು ಅಮ್ಮಂದಿರು ಸೇರಿ ತಿಂಗಳಿಗೆ ಒಂದು ಪೇಪರ್ ಇಟ್ಟುಕೊಳ್ಳಿ. ಒಬ್ಬರು "ಯಾವ ಮಕ್ಕಳು" ನೋಡಿಕೊಂಡು ಬರಲಿ, ಒಬ್ಬರು ಹೋಲಿಕೆ, ಒಬ್ಬರು ಅಳತೆ, ಇನ್ನೊಬ್ಬರು ಲಿಮಿಟೇಷನ್ಸ್ ಮಾತ್ರ. ಒಂದು ಗಂಟೆ ಸಾಕು, ಚಹಾ ಸೇರಿಸಿ. ಮೊದಲ ತಿಂಗಳಿಗೆ ತಮಿಳುನಾಡಿನ ಅಂಗನವಾಡಿ ಅಧ್ಯಯನ ಇಡಿ. ಜೆ-ಪಾಲ್‌ನಲ್ಲಿ ಅದರ ಸಾರಾಂಶ ಓದಿಕೊಂಡು ಬನ್ನಿ, ಆಮೇಲೆ ಪೂರ್ತಿ ಪೇಪರ್‌ನ ಟೇಬಲ್‌ಗಳನ್ನು ಒಟ್ಟಿಗೆ ಬಿಡಿಸಿ. ಎರಡನೇ ತಿಂಗಳಿಗೆ ಸೋನಾಲಿ ನಾಗ್ ಅವರ ಕನ್ನಡದ ಪೇಪರ್. ಮೂರನೆಯದನ್ನು ನಿಮ್ಮ ತರಗತಿಯಲ್ಲಿ ಆ ತಿಂಗಳು ಎದ್ದ ಪ್ರಶ್ನೆಯಿಂದ ಹುಡುಕಿಕೊಳ್ಳಿ.